ಬೋಳುಕಂಬದ ದೋಣಿ

ಒಬ್ಬರ ದೋಣಿಯ ಬಾವುಟ ಎತ್ತ ತಿರುಗಿದೆ ಎಂದು ಅವರ ಮುಖಕ್ಕೆ ಹೇಳುವುದು ನಮ್ಮೂರಲ್ಲಿ ಮರ್ಯಾದೆಯಲ್ಲ. ಬೆನ್ನ ಹಿಂದೆ ಹೇಳಬಹುದು, ಅದಕ್ಕೆ ಯಾರ ಅಡ್ಡಿಯೂ ಇಲ್ಲ. ಆದ್ದರಿಂದ ಪಕ್ಕದ ಮನೆಯ ಅಂಬಕ್ಕ ಬೆಳಿಗ್ಗೆ ನಮ್ಮ ಮೆಟ್ಟಿಲು ಹತ್ತಿ ಬಂದವಳು, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ, "ಚಂಪಾ, ಸ್ವಲ್ಪ ಆಚೆ ತಿರುಗಿ ನಿಲ್ಲು ಮಾರಾಯ್ತಿ" ಎಂದಾಗಲೇ ಇದು ಬಾವುಟದ ಮಾತು ಎಂದು ಗೊತ್ತಾಯಿತು. ತಿರುಗಿ ನಿಂತೆ. ಗೋಡೆ ನೋಡುತ್ತ ನಿಂತವಳ ಬೆನ್ನಿಗೆ ಅವಳು ಹೇಳಿದಳು: "ನಿನ್ನ ಗಂಡನ ಬಾವುಟ ನಿನ್ನೆ ಮಧ್ಯಾಹ್ನ ಪೂರಾ ಸುಣ್ಣದ ಗೂಡಿನ ಕಡೆ ಇತ್ತು. ನಾನೊಬ್ಬಳೇ ನೋಡಿದ್ದಲ್ಲ, ಕೇರಿಯವರೆಲ್ಲ ನೋಡಿದ್ದಾರೆ. ಹ್ಞಾಂ, ಈಗ ಈಚೆ ತಿರುಗು. ಕಾಫಿ ಉಂಟಾ?"

ಕಾಫಿ ಕೊಟ್ಟೆ. ಕುಡಿಯುವಷ್ಟು ಹೊತ್ತೂ ಅವಳು ನುಗ್ಗೆಸೊಪ್ಪಿನ ವಿಷಯ ಮಾತಾಡಿದಳು, ನಾನೂ ಮಾತಾಡಿದೆ. ಮುಖಾಮುಖಿ ಕೂತಾಗ ಆ ಮಾತು ಎತ್ತುವ ಹಾಗಿರಲಿಲ್ಲ. ಅವಳು ಹೋದ ಮೇಲೆ ಲೋಟ ತೊಳೆಯುತ್ತ ಕಿಟಕಿಯಿಂದ ನೋಡಿದರೆ, ಸರೋವರದ ನಡುವೆ, ನೀರಡಿಯ ಚಿಪ್ಪಿನ ದಿಬ್ಬದ ಮೇಲೆ, ಚಿಪ್ಪು ಬಾಚುವ ನನ್ನ ಗಂಡ ಭುಜಂಗನ ದೋಣಿ ನಿಂತಿತ್ತು, ಬಾವುಟ ಸೊಟ್ಟಗಾಗದೆ ನೆಟ್ಟಗೆ ನಮ್ಮ ಮನೆಯ ಕಡೆಗೇ ಚಾಚಿತ್ತು. ಸುಳ್ಳು ಹೇಳಲಿಕ್ಕೂ ಒಂದು ಮಿತಿ ಬೇಡವೇ ಎಂದು ಅಂಬಕ್ಕನನ್ನು ಮನಸ್ಸಿನಲ್ಲೇ ಬೈದೆ.

ನಮ್ಮೂರೆಂದರೆ ನೀರಿನ ಸುತ್ತ ಕೂತ ಮನೆಗಳು. ಮನೆಗೊಂದು ಸಾಲು ಮೆಟ್ಟಿಲು, ಮೆಟ್ಟಿಲ ಬುಡಕ್ಕೊಂದು ಗೂಟ. ಗೂಟಕ್ಕೆ ಮನೆಯ ದೋಣಿಯನ್ನು ಕಟ್ಟಬೇಕು. ಅಳಿಯನೋ ಸೊಸೆಯೋ ತಂದ ದೋಣಿಯನ್ನು ಆ ದೋಣಿಯ ಬಾಲಕ್ಕೆ ಕಟ್ಟಬೇಕು. ಬಿಸಿಲು ಬಿದ್ದ ಮೇಲೆ ಬಾವುಟ ಏರಿಸಬೇಕು, ದೀಪ ಹಚ್ಚುವ ಮೊದಲು ಇಳಿಸಬೇಕು. ಹಿರಿಯರ ದೋಣಿ ಎದುರಾದರೆ ಬಾವುಟವನ್ನು ಅರ್ಧಕ್ಕೆ ತಗ್ಗಿಸಿ ಮತ್ತೆ ಏರಿಸಬೇಕು. ಒಬ್ಬರ ಬಾವುಟ ತಲೆಯ ಮೇಲೆ ಹಾದುಹೋದರೆ ಕೂತವರು ತಲೆ ಬಾಗಿಸಬೇಕು, ಏಕೆಂದರೆ ಅದು ಅವರ ಮನೆಯ ದಾರಿ. ಗಾಳಿ ಇರಲಿ, ಬಿಡಲಿ, ಯಾರ ಮನಸ್ಸಿಗೆ ಯಾವುದು ಮನೆಯೋ ಬಾವುಟ ಆ ಕಡೆಗೇ ಚಾಚಿ ನಿಲ್ಲುತ್ತದೆ. ಬೇರೆ ಊರುಗಳಲ್ಲಿ ಅದು ಗಾಳಿ ಬೀಸಿದತ್ತ ಹಾರುತ್ತದಂತೆ. ಅಲ್ಲಿಯ ಜನ ಒಬ್ಬರನ್ನೊಬ್ಬರು ಹೇಗೆ ನಂಬಿ ಬದುಕುತ್ತಾರೋ ದೇವರಿಗೇ ಗೊತ್ತು.

ಊರಿನ ಬಾವುಟಗಳನ್ನೆಲ್ಲ ಹೊಲಿಯುವುದು ನಮ್ಮ ಮನೆತನ. ಅಪ್ಪ ತಿಮ್ಮಪ್ಪಯ್ಯ ಗಂಟು ಹೊತ್ತು ದೋಣಿಯಲ್ಲಿ ಮನೆಮನೆಗೆ ಹೋಗಿ ಅಳತೆ ತರುತ್ತಿದ್ದರು. ನಾನು ಕಿಟಕಿಯ ಪಕ್ಕ ಮಿಷನ್ ತುಳಿಯುತ್ತಿದ್ದೆ. ನಮ್ಮ ದೋಣಿಗೆ ಮಾತ್ರ ಬಾವುಟ ಇಲ್ಲ, ಕಂಬ ಬೋಳು. ಎಲ್ಲರ ಮನೆಯ ಗುಟ್ಟು ಹೊಲಿದು ಕೊಡುವವರು ತಮ್ಮದನ್ನು ತೋರಿಸಿಕೊಂಡು ತಿರುಗಬಾರದು, ದಾರಿಯಲ್ಲಿ ಇನ್ನೊಬ್ಬರ ಬಾವುಟವನ್ನು ದಿಟ್ಟಿಸಲೂಬಾರದು ಎಂದು ಅಜ್ಜನ ಕಾಲದಿಂದ ಬಂದ ಕಟ್ಟು. ನಾನಂತೂ ಹುಟ್ಟಿದ್ದು ಈ ಮನೆಯಲ್ಲಿ, ಇರುವುದು ಈ ಮನೆಯಲ್ಲಿ. ನನಗೆ ಬಾವುಟ ಯಾವ ಹೊಸ ಸಂಗತಿ ಹೇಳಬೇಕಿತ್ತು?

ಭುಜಂಗ ಹೊರಗಿನವ, ನಮ್ಮಲ್ಲಿಗೆ ಮನೆಅಳಿಯನಾಗಿ ಬಂದವ. ಗಂಡನ ಹೆಸರು ಹಿಡಿಯಬಾರದು ಎಂಬ ಶಾಸ್ತ್ರ ನಮ್ಮಲ್ಲಿಲ್ಲ, ಇದ್ದರೂ ನಾನು ಕೇಳುವವಳಲ್ಲ. ಮದುವೆಯಾದ ಹೊಸತರಲ್ಲಿ ಅವನ ಬಾವುಟ ಪರವೂರವರದ್ದರಂತೆ ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿತ್ತು. ಅಪ್ಪ ಬಾಯಿಬಿಟ್ಟು ಏನೂ ಅನ್ನಲಿಲ್ಲ, ಆದರೆ ಊಟದ ಹೊತ್ತಿಗೆ ಅಳಿಯನಿಗೆ ಎರಡನೇ ಸಲ ಬಡಿಸು ಎಂದೂ ಹೇಳಲಿಲ್ಲ. ಒಂದು ಬೆಳಿಗ್ಗೆ ನಾನು ಮಿಷನ್ ಮುಂದೆ ಕೂತಿದ್ದಾಗ ಅಪ್ಪ ಕಿಟಕಿಯಿಂದ ನೋಡಿ, "ಚಂಪಾ, ತಿರುಗಿತು ನೋಡು!" ಎಂದು ಕೂಗಿದರು. ಚಿಪ್ಪಿನ ದಿಬ್ಬದಿಂದ ಅವನ ಬಾವುಟ ಸೀದಾ ನಮ್ಮ ಕಿಟಕಿಯ ಕಡೆ ಚಾಚಿತ್ತು. ಅಂದು ಕೇರಿಗೆಲ್ಲ ಪಾಯಸ. ಅಪ್ಪ ಇರುವಷ್ಟು ದಿನ ಅದು ಒಂದು ಕೂದಲೆಳೆಯಷ್ಟೂ ಆಚೀಚೆ ಆದದ್ದಿಲ್ಲ.

ಕಳೆದ ಮಳೆಗಾಲದ ಕೊನೆಯಲ್ಲಿ ಅಪ್ಪ ತೀರಿಕೊಂಡರು. ಕೆಲಸವೆಲ್ಲ ನನ್ನ ಹೆಗಲಿಗೆ ಬಿತ್ತು. ಬೆಳಿಗ್ಗೆ ಹೊಲಿದು, ಹೊತ್ತು ಏರಿದ ಮೇಲೆ ಗಂಟು ಕಟ್ಟಿಕೊಂಡು ಬೋಳುಕಂಬದ ದೋಣಿಯಲ್ಲಿ ನಾನೇ ಊರು ಸುತ್ತತೊಡಗಿದೆ. ಭುಜಂಗನ ಬಾವುಟ ದಾರಿ ತಪ್ಪಿದ್ದು ಅದೇ ಸಮಯಕ್ಕೆ. ಊರಿಗೆ ಇದರಲ್ಲಿ ಅರ್ಥವಾಗದ್ದು ಏನೂ ಇರಲಿಲ್ಲ: ಮಾವ ಹೋದ, ಅಳಿಯನ ಹೆದರಿಕೆ ಹೋಯಿತು.

ಅಂಬಕ್ಕ ಮತ್ತೆ ಬಂದಳು. ಈ ಸಲ ಅವಳು ಹೇಳುವ ಮೊದಲೇ ನಾನು ತಿರುಗಿ ನಿಂತೆ. "ನಿನ್ನೆ ಗಾಣದ ಮನೆ ಕಡೆ" ಎಂದಳು. ಗಾಣದ ಮನೆಯಲ್ಲಿ ವಾರಿಜ ಇದ್ದಾಳೆ. ಅವಳು ನಕ್ಕರೆ ಎಣ್ಣೆ ಕೊಳ್ಳಲು ಬಂದ ಗಂಡಸರು ಪಾತ್ರೆ ತುಂಬಿ ಹರಿದದ್ದನ್ನೂ ನೋಡುವುದಿಲ್ಲ. ಹಿಂದಿನ ದಿನ ನಾನೇ ಅವಳ ಮನೆಗೆ ಅಳತೆಗೆ ಹೋಗಿ, ಅವಳ ಕೈಯ ಚಕ್ಕುಲಿ ತಿಂದು, ಚೆನ್ನಾಗಿದೆ ಎಂದು ಹೊಗಳಿ ಬಂದಿದ್ದೆ.

ಇಂಥದ್ದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಕೊಳೆಯಿಸುವವಳು ನಾನಲ್ಲ. ಕಣ್ಣಾರೆ ನೋಡಿಬಿಡುವುದು ಎಂದು ನಿಶ್ಚಯಿಸಿದೆ. ಮೊದಲು ಸುಣ್ಣದ ಗೂಡಿಗೆ ಹೋದೆ. ಅಲ್ಲಿ ಇರುವವಳು ಕೊಪ್ಪಜ್ಜಿ ಒಬ್ಬಳೇ. ಬಾಯಲ್ಲಿ ಹಲ್ಲಿಲ್ಲ, ಬೆನ್ನು ಬಾಗಿದೆ, ಚಿಪ್ಪು ಸುಡುವ ಹೊಗೆಗೆ ಹುಬ್ಬು ಕೂಡ ಉದುರಿಹೋಗಿದೆ. ಅವಳ ಅಂಗಳದಲ್ಲಿ ನಿಂತು, ಮರ್ಯಾದೆ ಮುರಿದು, ಚಿಪ್ಪಿನ ದಿಬ್ಬದ ಕಡೆ ಕಣ್ಣು ಹಾಯಿಸಿದೆ. ಭುಜಂಗನ ಬಾವುಟ ಬಾಣ ಬಿಟ್ಟಂತೆ ಇದೇ ಅಂಗಳಕ್ಕೆ ಚಾಚಿತ್ತು. ನನ್ನ ಹಿಂದೆ ಯಾರಿದ್ದಾರೆ ಎಂದು ತಿರುಗಿ ನೋಡಿದೆ. ಒಂದು ಕೋಳಿ ಇತ್ತು.

"ಅಜ್ಜಿ, ಇಲ್ಲಿಗೆ ಯಾರಾದರೂ ಹೆಂಗಸರು ಬರ್ತಾರಾ?" ಎಂದೆ.

"ಯಾರು ಬರ್ತಾರೆ ಮಗಾ ಈ ಹೊಗೆಗೆ? ನೀನೊಬ್ಬಳು ಬಂದದ್ದು. ಹೋದ ವಾರವೂ ನೀನೇ ಬಂದದ್ದು."

ಗೂಡಿನ ಹಿಂದೆ ಹೋಗಿ ನೋಡಿದೆ, ಕಟ್ಟಿಗೆ ರಾಶಿಯ ಸಂದಿಯಲ್ಲಿ ನೋಡಿದೆ. ಅಜ್ಜಿ ನನಗೆ ಏನೋ ಕಳೆದುಹೋಗಿದೆ ಎಂದುಕೊಂಡು ತಾನೂ ಬಗ್ಗಿ ಬಗ್ಗಿ ಹುಡುಕಿದಳು. ಅಲ್ಲಿಂದ ಎದ್ದು ಸೀದಾ ಗಾಣದ ಮನೆಗೆ ದೋಣಿ ಬಿಟ್ಟೆ. ವಾರಿಜ ನಗುತ್ತಲೇ ಕರೆದು ಕೂರಿಸಿದಳು. ಅವಳ ಕಿಟಕಿಯಿಂದ ನೋಡಿದರೆ, ಅಯ್ಯೋ ನನ್ನ ಕರ್ಮವೇ, ಬಾವುಟ ಆಗಲೇ ಅಲ್ಲಿಗೂ ಬಂದಿತ್ತು! ಕಿಟಕಿಯಲ್ಲಿ ನಾವಿಬ್ಬರೂ ಭುಜಕ್ಕೆ ಭುಜ ತಾಗಿಸಿ ನಿಂತಿದ್ದೆವು, ಅದು ನಮ್ಮಿಬ್ಬರ ಮುಖಕ್ಕೇ ಬೆರಳು ತೋರಿಸುತ್ತಿತ್ತು.

"ಇದೆಂತ ಇದು ವಾರಿಜ?" ಎಂದೆ.

ಅವಳ ನಗು ನಿಂತಿತು. "ನನ್ನನ್ನು ಕೇಳಿದರೆ ನನಗೆಂತ ಗೊತ್ತು? ನನ್ನ ಗಂಡ ಒಳಗೆ ಗಾಣ ತಿರುಗಿಸ್ತಾ ಇದ್ದಾರೆ, ಕರೀಲಾ? ನಿನ್ನ ಗಂಡನ ಮುಖ ಸರಿಯಾಗಿ ನೋಡಿದ್ದೂ ಇಲ್ಲ ನಾನು. ಯಾವಾಗಲೂ ನೀರಿಗೆ ಬಗ್ಗಿಕೊಂಡೇ ಇರ್ತಾರಲ್ಲ, ಬೆನ್ನು ಮಾತ್ರ ಗೊತ್ತು."

ಬೆನ್ನು ಗೊತ್ತು ಎಂದದ್ದೇ ನನಗೆ ಸಾಕಾಯಿತು. ಅಳತೆ ದಾರ ಸುತ್ತಿಕೊಂಡು ಎದ್ದು ಬಂದೆ. ಆಮೇಲೆ ಯೋಚಿಸಿದರೆ ತಲೆಬುಡ ಅರ್ಥವಾಗಲಿಲ್ಲ. ಬೆಳಿಗ್ಗೆ ಹಲ್ಲಿಲ್ಲದ ಮುದುಕಿ, ಮಧ್ಯಾಹ್ನ ವಾರಿಜ, ಸಂಜೆ ನಾನು ಮನೆ ಮುಟ್ಟುವ ಹೊತ್ತಿಗೆ ಮತ್ತೆ ನಮ್ಮ ಮನೆ. ಒಬ್ಬ ಗಂಡಸಿನ ಮನಸ್ಸು ಎಷ್ಟೇ ಹರಿದಾಡಿದರೂ ಹೀಗೆ ಹೊತ್ತಿಗೊಂದು ಅಂಗಳಕ್ಕೆ ಹರಿದಾಡುತ್ತದೆಯೇ?

ಭುಜಂಗನನ್ನೇ ಕೇಳಿದೆ. ಗಂಡನ ಬಾವುಟವನ್ನು ಹೆಂಡತಿ ಮುಖಕ್ಕೆ ಮುಖ ಕೊಟ್ಟು ಕೇಳಬಾರದು, ಗೊತ್ತು. ಕೇಳಿದೆ.

ಅವನು ಚಿಪ್ಪಿನ ಬುಟ್ಟಿ ಕೆಳಗಿಟ್ಟು ಕಣ್ಣು ಮಿಟುಕಿಸಿದ. "ನನಗೆಂತ ಗೊತ್ತು ಮಾರಾಯ್ತಿ? ಬಾವುಟ ಬೆನ್ನ ಹಿಂದೆ ಇರ್ತದೆ, ನನ್ನ ಕಣ್ಣು ನೀರೊಳಗೆ. ಜನ ನನಗೂ ಹೇಳಿದ್ರು. ತಿರುಗಿ ನಿಲ್ಲು ಅಂದ್ರು, ನಿಂತೆ. ಕೇಳಿ ನನಗೂ ತಲೆ ಕೆಟ್ಟುಹೋಯ್ತು." ಆಮೇಲೆ ಮೆಲ್ಲಗೆ, "ಹೊಲಿಗೆಯಲ್ಲಿ ಏನಾದ್ರೂ ಹೆಚ್ಚುಕಮ್ಮಿ ಆಗಿರಬಹುದಾ?" ಎಂದ.

ಹೊಲಿಗೆ! ತಿಮ್ಮಪ್ಪಯ್ಯನ ಮಗಳ ಹೊಲಿಗೆ! ಆ ರಾತ್ರಿ ಅವನಿಗೆ ತಣ್ಣಗಿನ ಸಾರು ಬಡಿಸಿದೆ. ಆದರೂ ಮರುದಿನ ಬಾವುಟ ಬಿಚ್ಚಿ ಹೊಸದಾಗಿ ಹೊಲಿದೆ, ಅಂಚಿಗೆ ಎರಡೆಳೆ ಹಾಕಿದೆ, ಮೂಲೆಗೆ ಅಪ್ಪನ ಕತ್ತರಿಯಿಂದಲೇ ಕಚ್ಚು ಕೊಟ್ಟೆ. ಅದನ್ನು ಏರಿಸಿಕೊಂಡು ಅವನು ಹೋದ. ನಾನು ಮೀನುಪೇಟೆಯ ಕಡೆ ಗಂಟು ಹೊತ್ತು ಹೋದೆ. ಸಂಜೆ ಅಂಬಕ್ಕ ಬಂದು ಬಾಗಿಲಲ್ಲೇ ನಿಂತಳು. ನಾನು ತಿರುಗಿದೆ. "ಮೀನುಪೇಟೆ" ಎಂದಳು, ಪಾಪ, ಅವಳ ದನಿಯಲ್ಲೂ ಸುಸ್ತಿತ್ತು.

ಇಷ್ಟಾದ ಮೇಲೆ ಪದ್ಮಯ್ಯ ಸುಮ್ಮನಿರಲು ಸಾಧ್ಯವಿರಲಿಲ್ಲ. ಊರಿನ ಗೂಟಗಳ ಪಾರುಪತ್ಯ ಅವನದು. ಯಾವ ದೋಣಿಯ ಬಾವುಟ ಅದು ತಂಗುವ ಮನೆಯತ್ತ ನಿಲ್ಲುವುದಿಲ್ಲವೋ ಆ ದೋಣಿಗೆ ಆ ಮನೆಯ ಗೂಟ ಇಲ್ಲ. ಅದು ಪರವೂರವರ ಕಟ್ಟೆಗೆ ಹೋಗಬೇಕು, ಯಜಮಾನನೂ ದೋಣಿಯ ಜೊತೆಗೇ ಹೋಗಬೇಕು. ಮರಳಿ ಮೆಟ್ಟಿಲು ಹತ್ತುವ ಹಾಗಿಲ್ಲ. ಪದ್ಮಯ್ಯ ಒಳ್ಳೆಯವನು, ತಪ್ಪು ಮಾಡಿದವನ ಹಾಗೆ ತಲೆ ತಗ್ಗಿಸಿಯೇ ಬಂದ. "ನಾಡಿದ್ದು ಎಲ್ಲರೂ ನೋಡುವ ಚಂಪಾ. ನನ್ನ ಕೈಯಲ್ಲಿ ಎಂತ ಉಂಟು ಹೇಳು" ಎಂದು ಹೋದ.

ನನಗೆ ಸಿಟ್ಟಿತ್ತು, ಸುಳ್ಳೇಕೆ ಹೇಳಲಿ. ಹೊಟ್ಟೆಕಿಚ್ಚೂ ಇತ್ತು, ಅವಮಾನವೂ ಇತ್ತು. ಆದರೆ ಅವುಗಳ ಅಡಿಯಲ್ಲಿ ಹೆದರಿಕೆ ಕೂತಿತ್ತು. ಅಪ್ಪನ ಮಣೆ ಖಾಲಿಯಾಗಿ ಇನ್ನೂ ಸರಿಯಾಗಿ ಧೂಳು ಕೂತಿಲ್ಲ. ಅದರ ಪಕ್ಕದ ಮಣೆಯೂ ಖಾಲಿಯಾದರೆ ನಾನು ಯಾರಿಗೆ ಬಡಿಸಲಿ, ಯಾರನ್ನು ಬೈಯಲಿ? ಬೇರೆ ಯಾರನ್ನೋ ಮನೆ ಅಂದುಕೊಂಡ ಗಂಡಸು ನನಗೇಕೆ ಬೇಕು ಎಂದು ಜೋರಾಗಿಯೇ ಹೇಳಿಕೊಂಡೆ. ಹೇಳಿಕೊಂಡು, ಒಲೆಯ ಮುಂದೆ ಕೂತು ಅತ್ತೆ.

ನೋಡುವ ದಿನ ಊರಿನವರೆಲ್ಲ ತಂತಮ್ಮ ಮೆಟ್ಟಿಲುಗಳ ಮೇಲೆ ನಿಂತರು. ಕ್ರಮ ಹಾಗೆ. ನಡುವೆ ಚಿಪ್ಪಿನ ದಿಬ್ಬದ ಮೇಲೆ ಭುಜಂಗನ ದೋಣಿ, ಅದರ ಪಕ್ಕ ಪದ್ಮಯ್ಯನದು, ಸಾಕ್ಷಿಗೆ ಅಂಬಕ್ಕನದು. ಹೆಂಡತಿಯಾದವಳು ಮನೆಯ ಮೆಟ್ಟಿಲ ಮೇಲೆ ನಿಲ್ಲಬೇಕು. ನಿಂತೆ. ಭುಜಂಗ ಹಗ್ಗ ಎಳೆದ, ಬಾವುಟ ಏರಿತು, ಒಮ್ಮೆ ಮೈ ಕೊಡವಿ ಸೀದಾ ನಮ್ಮ ಮನೆಯತ್ತ ಚಾಚಿ ನಿಂತಿತು.

ಪದ್ಮಯ್ಯ ಕಣ್ಣುಜ್ಜಿಕೊಂಡ. "ಸರಿಯಾಗಿಯೇ ಉಂಟಲ್ಲ!"

"ಇವತ್ತು ಉಂಟು, ನಾಳೆ ಇಲ್ಲ" ಎಂದು ಯಾರೋ ಕೂಗಿದರು. "ಜನ ಸೇರಿದ್ದಾರೆ ಅಂತ ಸೋಗು" ಎಂದು ಇನ್ನೊಬ್ಬರು. ಬಾವುಟ ಸೋಗು ಹಾಕಿದ್ದನ್ನು ನಮ್ಮೂರಲ್ಲಿ ಯಾರೂ ಕಂಡಿರಲಿಲ್ಲ, ಆದರೂ ಎಲ್ಲರೂ ತಲೆಯಾಡಿಸಿದರು. ಪದ್ಮಯ್ಯ ಒಮ್ಮೆ ಬಾವುಟ ನೋಡಿದ, ಒಮ್ಮೆ ಜನರನ್ನು ನೋಡಿದ. ಭುಜಂಗ ಕಂಬದ ಬುಡದಲ್ಲಿ ಕೈ ಜೋಡಿಸಿಕೊಂಡು ಕೂತಿದ್ದ. ಮಾಡದ ತಪ್ಪಿಗೆ ಕ್ಷಮೆ ಕೇಳುತ್ತಿರುವವನ ಹಾಗಿದ್ದ ಅವನ ಮುಖ ನೋಡಿ ನನಗೆ ತಡೆಯಲಾಗಲಿಲ್ಲ. ಹೊಲಿದವರಿಗೆ ಬಾವುಟವನ್ನು ವಾಪಸು ಇಳಿಸಿಕೊಳ್ಳುವ ಹಕ್ಕಿದೆ. ಈ ಹಾಳು ಬಟ್ಟೆಯೇ ಬೇಡ, ನೋಡುವುದೂ ಬೇಡ, ಹರಿದು ಒಲೆಗೆ ಹಾಕುತ್ತೇನೆ ಎಂದು ಬೋಳುಕಂಬದ ದೋಣಿಗೆ ಹಾರಿ ಹುಟ್ಟು ಹಾಕಿದೆ.

ಹಗ್ಗದ ಗಂಟು ಇದ್ದದ್ದು ಅವನ ದೋಣಿಯ ಆಚೆ ಬದಿಗೆ. ಮೂತಿಯ ಮುಂದಿನಿಂದ ಬಳಸಿ ಹೋದೆ. ಗಂಟಿಗೆ ಕೈ ಹಾಕುವಾಗ ಬಾವುಟ ನನ್ನ ಮುಖಕ್ಕೇ ಬಡಿಯಿತು. ತಳ್ಳಿದೆ. ಮತ್ತೆ ಬಡಿಯಿತು. ಈ ಬದಿ ಸರಿಯಾಗಲಿಲ್ಲವೆಂದು ಹಿಂಬದಿಗೆ ದೋಣಿ ತಂದೆ. ಅಲ್ಲಿಗೂ ಬಂತು. ಮೆಟ್ಟಿಲುಗಳ ಮೇಲಿನ ಗದ್ದಲ ಒಮ್ಮೆಲೇ ನಿಂತಿತು.

"ಚಂಪಾ," ಅಂಬಕ್ಕ ತನ್ನ ದೋಣಿಯಲ್ಲಿ ಎದ್ದು ನಿಂತಿದ್ದಳು, "ಇನ್ನೊಂದು ಸುತ್ತು ಹಾಕು ಮಾರಾಯ್ತಿ." ಅವಳು ಮುಖಕ್ಕೆ ಮುಖ ಕೊಟ್ಟೇ ಹೇಳಿದ್ದಳು.

ಏನೂ ತಿಳಿಯದೆ ಸುತ್ತು ಹಾಕಿದೆ. ನಾನು ಹೋದತ್ತ ಬಾವುಟ ತಿರುಗುತ್ತ ತಿರುಗುತ್ತ ಕಂಬಕ್ಕೆ ಸುತ್ತಿಕೊಂಡಿತು. ಹಿಂದಕ್ಕೆ ಹುಟ್ಟು ಹಾಕಿದೆ, ಬಿಚ್ಚಿಕೊಂಡಿತು. ಕೊಪ್ಪಜ್ಜಿಯ ಅಂಗಳ, ವಾರಿಜಳ ಕಿಟಕಿ, ಮೀನುಪೇಟೆ, ಎಲ್ಲವೂ ಒಂದರ ಹಿಂದೊಂದು ಕಣ್ಣ ಮುಂದೆ ಬಂದವು. ಎಲ್ಲ ಕಡೆಯೂ ಇದ್ದ ಹೆಂಗಸು ಯಾರು ಎಂದು ನನಗೆ ಹೊಳೆಯುವಷ್ಟರಲ್ಲಿ ಊರಿಗೆಲ್ಲ ಹೊಳೆದಿತ್ತು. ಅಪ್ಪ ಪಾಯಸ ಹಂಚಿದ ದಿನವೂ ಅದು ತಿರುಗಿದ್ದು ಮನೆಯ ಕಡೆಗಲ್ಲ, ಕಿಟಕಿಯ ಪಕ್ಕ ಮಿಷನ್ ತುಳಿಯುತ್ತಿದ್ದವಳ ಕಡೆಗೆ. ಭುಜಂಗ ಮೊದಲ ಬಾರಿಗೆ ತಲೆಯೆತ್ತಿ ತನ್ನ ಬಾವುಟ ನೋಡಿದ, ಆಮೇಲೆ ನನ್ನನ್ನು ನೋಡಿದ. "ಓ" ಎಂದ, ಅಷ್ಟೇ. ಅವನಿಗೂ ಗೊತ್ತಿರಲಿಲ್ಲ, ಪುಣ್ಯಾತ್ಮನಿಗೆ.

ಜನ ನಕ್ಕರು, ಕೆಲವರು ಕಣ್ಣೊರೆಸಿಕೊಂಡರು. ಪದ್ಮಯ್ಯನಿಗೆ ಮಾತ್ರ ತಲೆನೋವು ಶುರುವಾಯಿತು. "ಎಲ್ಲ ಚಂದವೇ. ಆದ್ರೆ ಗೂಟ ಕೊಡುವುದು ಮನೆಗೆ, ಹೆಂಡತಿಗಲ್ಲವಲ್ಲ. ಇವಳು ಊರೆಲ್ಲ ತಿರುಗುವವಳು. ಇವನ ಗೂಟ ಎಲ್ಲಿ ಹೊಡೀಲಿ ನಾನು?" ಗಲ್ಲ ಕೆರೆದುಕೊಂಡು ಯೋಚಿಸಿ, ಕೊನೆಗೆ ಒಂದು ದಾರಿ ಕಂಡುಕೊಂಡ. "ಚಂಪಾ, ನೀನೂ ಒಂದು ಬಾವುಟ ಏರಿಸು. ಇವನ ಮನೆ ನೀನು. ನಿನ್ನ ಮನೆ ಯಾವುದು ಅಂತ ಒಮ್ಮೆ ನೋಡಿಬಿಡುವ."

ಬೋಳುಕಂಬಕ್ಕೆ ಬಾವುಟವೇ ಎಂದು ಯಾರೂ ಅಡ್ಡಿ ಮಾಡಲಿಲ್ಲ. ಗಂಟಿನಲ್ಲಿ ಯಾರಿಗೋ ಹೊಲಿದಿಟ್ಟಿದ್ದ ಹಳದಿ ಬಾವುಟವಿತ್ತು. ಸಂತೋಷದಿಂದ ಅದನ್ನೇ ಕಟ್ಟಿದೆ. ಅದು ಎತ್ತ ತಿರುಗುತ್ತದೆ ಎಂಬುದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ಅವನು ನನ್ನ ಎದುರಿಗೇ, ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ ಕೂತಿದ್ದ. ಮನೆ ಅವನ ಬೆನ್ನ ಹಿಂದೆ, ದೂರದಲ್ಲಿತ್ತು. ಹಗ್ಗ ಎಳೆದೆ. ಬಾವುಟ ಬಿಚ್ಚಿಕೊಂಡು ಅವನತ್ತ ಚಾಚಿತು. ನಾನು ನಕ್ಕೆ. ಅವನೂ ನಕ್ಕು, ಸರಿದು ನನ್ನ ದೋಣಿಯ ಹಗ್ಗ ಹಿಡಿಯಲು ಪಕ್ಕಕ್ಕೆ ಬಂದ. ಬಾವುಟ ಅವನ ಜೊತೆ ಬರಲಿಲ್ಲ. ಇದ್ದಲ್ಲೇ ನಿಂತು, ಅವನು ಬಿಟ್ಟ ಜಾಗದ ಮೇಲಿನಿಂದ ಹಾದು, ನೀರಿನಾಚೆ ನಮ್ಮ ಮನೆಯ ಮೆಟ್ಟಿಲುಗಳನ್ನು ತೋರಿಸುತ್ತಿತ್ತು.

ನಾನು ಅವನ ಮುಖ ನೋಡಲಾರದೆ ಹಗ್ಗ ನೋಡಿದೆ. ಅವನು ಬಾವುಟವನ್ನು ನೋಡಿದ, ಅದು ಹೋಗುವ ದಾರಿಯನ್ನು ನೋಡಿದ. ಆಮೇಲೆ ಹಿಂದಿನ ಜಾಗಕ್ಕೇ ಸರಿದು, ಬಾವುಟದ ಕೆಳಗೆ ಊರಿನ ಕ್ರಮದಂತೆ ತಲೆ ಬಾಗಿಸಿದ.

"ಸರಿಹೋಯ್ತು!" ಪದ್ಮಯ್ಯನ ದನಿಯಲ್ಲಿ ದೊಡ್ಡ ಹೊರೆ ಇಳಿದಿತ್ತು. "ಇವನದು ಇವಳ ಕಡೆ, ಇವಳದು ಮನೆ ಕಡೆ. ಕೊಂಡಿಗೆ ಕೊಂಡಿ ಕೂಡಿತು. ಗೂಟ ಇವನದ್ದೇ." ಮೆಟ್ಟಿಲುಗಳ ಮೇಲೆ ಜನ ಚಪ್ಪಾಳೆ ತಟ್ಟಿದರು. ನನ್ನ ಗಂಡ ನನ್ನ ಮನೆಯಲ್ಲೇ ಉಳಿದ. ಕೇಳಿದ್ದು ಸಿಕ್ಕಿತ್ತು, ಆದರೂ ನನಗೆ ನೀರಿಗೆ ಹಾರಿಬಿಡೋಣ ಎನಿಸುವಷ್ಟು ನಾಚಿಕೆಯಾಯಿತು.

ಎಲ್ಲರೂ ಚದುರಿದ ಮೇಲೆ ಇಬ್ಬರೂ ಹೊರಟೆವು. ನಾನು ಮುಂದೆ, ಅವನು ಹಿಂದೆ. ನನ್ನ ಬಾವುಟ ಇಳಿಸಲು ಮರೆತಿದ್ದೆ. ಮನೆಯ ಮೆಟ್ಟಿಲು ಹತ್ತಿರ ಬಂದಾಗ ಯಾಕೋ ದೋಣಿ ತಿರುಗಿಸಲು ಮನಸ್ಸಾಗಲಿಲ್ಲ, ದಾಟಿ ಮುಂದೆ ಹೋದೆ. ಹಳದಿ ಬಾವುಟ ನನ್ನ ತಲೆಯ ಮೇಲಿಂದ ಹಿಂದಕ್ಕೆ ಹೊರಳಿ ಮನೆಯನ್ನು ತೋರಿಸುತ್ತಲೇ ಇತ್ತು. ನಾನು ಅದಕ್ಕೆ ಬೆನ್ನು ಹಾಕಿ ಜೊಂಡಿನ ಕಡೆ ಹುಟ್ಟು ಹಾಕುತ್ತಲೇ ಇದ್ದೆ. ಹಿಂದೆ ಅವನ ಹುಟ್ಟಿನ ಸದ್ದು ಅದೇ ನಿಧಾನದಲ್ಲಿ ಬರುತ್ತಿತ್ತು. ಎಲ್ಲಿಗೆ ಎಂದು ಅವನು ಕೇಳುತ್ತಾನೆಂದು ಕಾದೆ. ಕೇಳಲಿಲ್ಲ.

"ಎಲ್ಲಿಗೆ ಹೋಗ್ತಿದ್ದಾಳೆ ಅಂತ ಕೇಳಬಾರದಾ?" ನಾನೇ ಕೂಗಿದೆ.

"ಗೊತ್ತಿದ್ರೆ ನೀನೇ ಹೇಳ್ತಿದ್ದಿ" ಎಂದ. ದೋಣಿ ಪಕ್ಕಕ್ಕೆ ತಂದ. ನಾನು ಅಳುತ್ತಿದ್ದುದು ಕಂಡು ನನ್ನ ದೋಣಿಯ ಅಂಚು ಹಿಡಿದುಕೊಂಡ. "ಎಂತಕ್ಕೆ ಬೇಜಾರು? ನಿನ್ನದೂ ನನ್ನ ಕಡೆ ತಿರುಗಿದ್ರೆ ಪದ್ಮಯ್ಯ ಇಬ್ಬರ ಗೂಟವನ್ನೂ ಕೀಳ್ತಿದ್ದ. ನಾವಿಬ್ರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನೀರಲ್ಲೇ ಕೂರಬೇಕಿತ್ತು. ಮನೆಯಲ್ಲಿ ಹುರುಳಿ ಸಾರು ಉಂಟಲ್ಲ, ಅದಕ್ಕೆ ಯಾರು ಗತಿ?"

"ತಮಾಷೆ ಮಾಡಬೇಡ. ನಿನಗೆ ಬೇಜಾರಾಗಲಿಲ್ಲವಾ?"

ಅವನು ಹುಟ್ಟನ್ನು ಮೊಣಕಾಲ ಮೇಲೆ ಇಟ್ಟುಕೊಂಡು ಯೋಚಿಸಿದ. "ಆಯ್ತು" ಎಂದ. ಆಮೇಲೆ, "ಹಸಿವೂ ಆಗಿದೆ" ಎಂದ.

ದೋಣಿ ತಿರುಗಿಸಿದೆ. ಮೆಟ್ಟಿಲ ಬುಡ ಮುಟ್ಟಿದಾಗ ಅವನು ರೂಢಿಯಂತೆ ಹಿಂದೆ ನಿಂತು, ಮನೆಯ ದೋಣಿ ಮೊದಲು ಗೂಟಕ್ಕೆ ಬೀಳಲಿ ಎಂದು ಕಾಯುತ್ತಿದ್ದ. ನಾನು ಹಳದಿ ಬಾವುಟ ಇಳಿಸಿ ಮಡಚಿ ಗಂಟಿಗೆ ಹಾಕಿದೆ. ಅವನ ಕೈಯಿಂದ ಹಗ್ಗ ಕಸಿದುಕೊಂಡು ಅವನ ದೋಣಿಯನ್ನು ಗೂಟಕ್ಕೆ ಬಿಗಿದೆ. ಅಪ್ಪನ ಬೋಳುಕಂಬದ ದೋಣಿಯನ್ನು ಅದರ ಬಾಲಕ್ಕೆ ಕಟ್ಟಿದೆ. ಆಚೆ ಮೆಟ್ಟಿಲ ಮೇಲೆ ಪಾತ್ರೆ ತೊಳೆಯುತ್ತಿದ್ದ ಅಂಬಕ್ಕ ಅದನ್ನು ನೋಡಿ ಬಾಯಿ ತೆರೆದಳು. ನಾನು ತಿರುಗಿ ನಿಲ್ಲಲಿಲ್ಲ.